ಸಹಾಯ ಬೇಕು: ಮುಧೋಳ ತಳಿಯ ಹೆಣ್ಣು ನಾಯಿಗೆ ಕಾಯಂ ಮನೆ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಮುಧೋಳದ ಕಡೆಯ ಕಬ್ಬಿನ ಹೊಲವೊಂದರ ಬದುವಿನಲ್ಲಿ, ಕೊರಳಿಗೆ ತುಂಡಾದ ಹಗ್ಗ ಮತ್ತು ಕಿವಿತುಂಬ ಉಣ್ಣಿಗಳೊಂದಿಗೆ ಸಿಕ್ಕ ಮುಧೋಳ ತಳಿಯ ಹೆಣ್ಣು ನಾಯಿಯೊಂದು ಸದ್ಯ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ತಾತ್ಕಾಲಿಕವಾಗಿ ಆಶ್ರಯ ಪಡೆದಿದೆ. ಹಲ್ಲು ನೋಡಿದ ಪಶುವೈದ್ಯರು ವಯಸ್ಸು ನಾಲ್ಕೈದು ವರ್ಷ ಇರಬಹುದೆಂದಿದ್ದಾರೆ. ರೇಬೀಸ್ ಲಸಿಕೆಯೂ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿವೆ.

ನಾವು ಗೌರಿ ಎಂದು ಕರೆಯುತ್ತೇವೆ. ಕರೆದೊಡನೆ ಬಂದು ಉದ್ದನೆಯ ಮೂತಿಯನ್ನು ತೊಡೆಯ ಮೇಲಿಟ್ಟು ನಿಲ್ಲುತ್ತದೆ. ಯಾರಾದರೂ ಕೋಲು ಹಿಡಿದರೆ ಮಾತ್ರ ನಡುಗುತ್ತ ಮಂಚದ ಕೆಳಗೆ ಸೇರುತ್ತದೆ. ರೊಟ್ಟಿ, ಮಜ್ಜಿಗೆ, ಬೇಯಿಸಿದ ಮೊಟ್ಟೆಯನ್ನು ಇಷ್ಟಪಟ್ಟು ತಿನ್ನುತ್ತದೆ. ಪಕ್ಕೆಲುಬು ಕಾಣುವುದನ್ನು ನೋಡಿ ದಯವಿಟ್ಟು ಮರುಗಬೇಡಿ, ಈ ತಳಿಯ ಮೈಕಟ್ಟೇ ಹಾಗೆ.

ಮುಖ್ಯವಾಗಿ ತಿಳಿಸಬೇಕಾದದ್ದೆಂದರೆ, ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನೇ ನಂಬಿ ಬೇಟೆಯಾಡುವ ತಳಿಯಾದ್ದರಿಂದ ಕೋಳಿಯೋ ಬೆಕ್ಕೋ ಓಡುವುದನ್ನು ಕಂಡರೆ ಎಷ್ಟು ಕೂಗಿದರೂ ನಿಲ್ಲದೆ ಬೆನ್ನಟ್ಟುತ್ತದೆ. ಆದ್ದರಿಂದ ಎತ್ತರದ ಕಂಪೌಂಡ್ ಇರುವ, ಕೋಳಿ ಸಾಕದ, ದಿನವೂ ಓಡಾಡಿಸಲು ಬಿಡುವಿರುವ ಮನೆಯೇ ಇದಕ್ಕೆ ಸರಿ. ತೆಳುಗೂದಲಿನ ಪ್ರಾಣಿ, ಚಳಿಗಾಲದಲ್ಲಿ ರಾತ್ರಿ ಒಳಗೆ ಮಲಗಿಸಬೇಕು. ಹಗಲಿರುಳು ಸರಪಳಿಯಲ್ಲಿ ಕಟ್ಟಿ ಹೊಲ ಕಾಯಿಸಬೇಕೆನ್ನುವವರಿಗೆ ಖಂಡಿತ ಕೊಡುವುದಿಲ್ಲ. ಅಂಥದ್ದೊಂದು ಹಗ್ಗವನ್ನು ಅದು ಈಗಾಗಲೇ ಹರಿದುಕೊಂಡು ಬಂದಿದೆ.

ನಮ್ಮಲ್ಲಿ ಈಗಾಗಲೇ ಬೇರೆ ನಾಯಿಗಳಿದ್ದು, ಅಂಗಳವೂ ಚಿಕ್ಕದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಆಸಕ್ತಿಯುಳ್ಳವರು ಮನೆಯವರೆಲ್ಲರ ಒಪ್ಪಿಗೆ ಪಡೆದು ನನಗೆ ಸಂದೇಶ ಕಳುಹಿಸಿರಿ. ಮೊದಲು ನೀವು ಬಂದು ಗೌರಿಯನ್ನು ನೋಡಬಹುದು, ನಂತರ ನಾವೇ ನಿಮ್ಮ ಮನೆಗೆ ತಂದು ಬಿಡುತ್ತೇವೆ.