ದುಬೈ–ಸ್ಯಾನ್ ಫ್ರಾನ್ಸಿಸ್ಕೊ 16 ತಾಸು, ಅವ್ವ ಒಬ್ಬರೇ ಹೊರಟಿದ್ದಾರೆ: ಸಹಾಯ ಬೇಕು

ನಮಸ್ಕಾರ, ನಾವು ರಾಯಚೂರಿನವರು. ಜನವರಿಯಲ್ಲಿ ಅವ್ವ ನಮ್ಮಕ್ಕನ ಬಾಣಂತನಕ್ಕೆ ಹೈದರಾಬಾದ್‌ನಿಂದ ದುಬೈ ಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಾರೆ. ಟಿಕೆಟ್‌ನಲ್ಲಿ ದುಬೈ ಬಿಡೋದು ಬೆಳಿಗ್ಗೆ 8:30, ಇಳಿಯೋದು ಅದೇ ದಿನ ಮಧ್ಯಾಹ್ನ 12:45. 'ನಾಲ್ಕೇ ತಾಸಲ್ಲೇನು' ಅಂತ ಅವ್ವ ಖುಷಿಯಾಗಿದ್ದಾರೆ! ಆದ್ರೆ ಅಲ್ಲಿನ ಗಡಿಯಾರ ದುಬೈಗಿಂತ 12 ತಾಸು ಹಿಂದೆ ಅಲ್ವಾ? ಸುಮಾರು 13,000 ಕಿ.ಮೀ., ಉತ್ತರ ಧ್ರುವದ ಕಡೆಯಿಂದ ಹೋದರೂ 16 ತಾಸಿನ ಮೇಲೆ ಕೂರಲೇಬೇಕು.

ಅವರಿಗೆ ಮೊಣಕಾಲು ನೋವು. ಕನ್ನಡ, ಸ್ವಲ್ಪ ತೆಲುಗು ಬಿಟ್ಟರೆ ಬೇರೆ ಮಾತು ಬರಲ್ಲ. ದುಬೈನಲ್ಲಿ ವಿಮಾನ ಬದಲಿಸೋಕೆ ಎರಡೂವರೆ ತಾಸು ಸಾಕಾಗುತ್ತಾ? ವೀಲ್‌ಚೇರ್ ಮೊದಲೇ ಹೇಳಿದ್ದೇವೆ. ಕಾಲು ಊದದಂತೆ ನಿಮ್ಮ ಮನೆಯ ಹಿರಿಯರು ಏನು ಮಾಡಿದರು? ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಲ್ಲದೆ ಅವರು ಹೊರಡೋದೇ ಇಲ್ಲ, ಅದು ಬೇರೆ ಮಾತು. ಆಗ ಅಲ್ಲಿಗೆ ಹೊರಟವರು ನಮ್ಮ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.