ಭುಜಕ್ಕೆ ಕರೆಂಟು, ಬೇಲಿಗೆ ಕರೆಂಟು

ಎಡ ಭುಜ ಹಿಡಿದುಕೊಂಡು ಹತ್ತು ದಿನವಾಯಿತು. ಪೇಟೆಯಲ್ಲಿ ಫಿಸಿಯೋಥೆರಪಿಯವರ ಹತ್ತಿರ ದಿನಾ ಹೋಗಿ ಕರೆಂಟ್ ಕೊಡಿಸಿಕೊಂಡು ಬರುತ್ತಿದ್ದೇನೆ. ಸಂಜೆ ಜಗಲಿಯಲ್ಲಿ ಕಾಫಿಗೆ ಸೇರಿದಾಗ ಇದನ್ನು ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಕರೆಂಟ್ ಬೇಕಿದ್ರೆ ನಮ್ಮ ತೋಟಕ್ಕೆ ಬರಬಾರದಿತ್ತಾ?" ಅಂದರು ಸೀನಣ್ಣ. "ಆನೆ ಬೇಲಿ ಇದೆ. ಒಂದ್ಸಲ ಮುಟ್ಟಿದ್ರೆ ಭುಜ ಏನು, ಹಳೇ ಸಾಲವೂ ಮರೆತುಹೋಗುತ್ತೆ. ಫೀಸೂ ಇಲ್ಲ."

ಸೀನಣ್ಣನ ಸೋಲಾರ್ ಬೇಲಿಯ ಪ್ರತಾಪ ಊರಿಗೆಲ್ಲ ಗೊತ್ತು. ಎಂಟು ಸಾವಿರ ವೋಲ್ಟ್ ಅನ್ನುವಾಗ ಅವರ ಎದೆ ಅರ್ಧ ಇಂಚು ಮುಂದೆ ಬರುತ್ತದೆ. ಆನೆ ದಂತದಲ್ಲೇ ತಂತಿ ಕಿತ್ತು ಒಳಗೆ ಬಂದಿದ್ದನ್ನು ಮಾತ್ರ ಅವರು ಹೇಳುವುದಿಲ್ಲ. ದಂತಕ್ಕೆ ಕರೆಂಟ್ ಹತ್ತುವುದಿಲ್ಲ ಅಂತ ಆನೆಗೆ ಗೊತ್ತು, ಸೀನಣ್ಣನಿಗೆ ಆಮೇಲೆ ಗೊತ್ತಾಯಿತು.

ಮೂಲೆಯಲ್ಲಿ ನಮ್ಮ ವೈರ್‌ಮನ್ ಗೋಪಿ ಹಳೇ ಗ್ಯಾಸ್ ಲೈಟರೊಂದನ್ನು ಬಿಚ್ಚಿಕೊಂಡು ಕೂತಿದ್ದ. ತಲೆ ಎತ್ತದೆ ಕೇಳಿದ, "ಎಂಟು ಸಾವಿರ ವೋಲ್ಟಿಗೆ ಹೆದರದೋರು, ಮನೆ 230 ವೋಲ್ಟಿಗೆ ಯಾಕಣ್ಣ ಹೆದರ್ತೀರಿ?"

ಸೀನಣ್ಣ ಉತ್ತರ ಹುಡುಕುತ್ತಾ ಚಕ್ಕುಲಿ ಮುರಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ಪದ್ಮಕ್ಕ ಸುಮ್ನೆ ಇರುತ್ತಾರಾ?

"ವೋಲ್ಟ್ ಒಂದನ್ನೇ ಹಿಡ್ಕೊಂಡು ಜಗ್ಗಬೇಡಿ. ಎಷ್ಟು ಹೊತ್ತು ಅಂತ ಕೇಳಿ. ಬೇಲಿಯಲ್ಲಿ ಕರೆಂಟು ಬಿಟ್ಟು ಬಿಟ್ಟು ಬಡಿಯುತ್ತೆ, ಒಂದು ಬಡಿತ ಸೆಕೆಂಡಿನ ಸಾವಿರದ ಒಂದು ಪಾಲೂ ಇರಲ್ಲ. ಆಮೇಲೆ ಒಂದು ಸೆಕೆಂಡ್ ಬಿಡುವು. ಅಷ್ಟರಲ್ಲಿ ಆನೆ ಸೊಂಡಿಲು ಎಳ್ಕೊಳ್ಳುತ್ತೆ, ನೀವು ಕೈ ಎಳ್ಕೊಳ್ತೀರಿ. ಮನೆ ಕರೆಂಟು ಹಾಗಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ, ಬಿಡುವೇ ಇಲ್ಲ. ಬೆರಳು ಮಡಚಿದ್ದು ಮಡಚಿದ ಹಾಗೇ, ಹಿಡಿದ ಕೈ ಬಿಡಲ್ಲ. ಕೆಲವರು ಕದ್ದು ಮೈನ್ ಲೈನನ್ನೇ ಬೇಲಿಗೆ ಎಳೀತಾರಲ್ಲ, ಆನೆ ಸಾಯೋದು ಅದಕ್ಕೆ. ಮನುಷ್ಯರೂ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಕೇಳಿದೆ. ನನ್ನ ಭುಜಕ್ಕೆ ಕರೆಂಟ್ ಕೊಡುವ ಮೆಷಿನ್ನಿನ ಪರದೆ ಮೇಲೆ ಒಂದು ಬಡಿತಕ್ಕೆ 200 ಮೈಕ್ರೊಸೆಕೆಂಡ್ ಅಂತ ಇತ್ತು, ಅಂದರೆ ಸೆಕೆಂಡನ್ನು ಐದು ಸಾವಿರ ಚೂರು ಮಾಡಿ ಅದರಲ್ಲಿ ಒಂದು ಚೂರು. ಅಷ್ಟರಲ್ಲಿ ನರಕ್ಕೆ ಏನು ಗೊತ್ತಾಗುತ್ತೆ?

"ತೂತು ಬಿಂದಿಗೆ ನೋಡಿದೀಯಲ್ಲ?" ಅಂದರು ಪದ್ಮಕ್ಕ. "ನರದ ಪೊರೆ ಅದೇ. ಸುಮ್ನಿದ್ದಾಗ ಒಳಗಡೆ ಮೈನಸ್ 70 ಮಿಲಿವೋಲ್ಟ್. ಅದು ಮೈನಸ್ 55ರ ಹತ್ತಿರ ಬಂದ್ರೆ ಸಾಕು, ಬಿಂದಿಗೆ ತುಂಬಿದ ಹಾಗೆ, ನರ ಪಟ್ ಅಂತ ಸುದ್ದಿ ಕಳಿಸುತ್ತೆ. ನೀರು ಜೋರಾಗಿ ಸುರಿದ್ರೆ ಸೋರೋಕೆ ಮುಂಚೆ ತುಂಬುತ್ತೆ. ಮೆಲ್ಲಗೆ ಸುರಿದ್ರೆ ಜಾಸ್ತಿ ಹೊತ್ತು ಬೇಕು. ಸೋರಿದಷ್ಟೇ ಸುರಿದ್ರೆ ಬರೋ ಯುಗಾದಿವರೆಗೂ ತುಂಬಲ್ಲ. 1909ರಲ್ಲಿ ಲಪಿಕ್ ಅನ್ನೋ ಫ್ರೆಂಚರು ಇದಕ್ಕೆ ಹೆಸರಿಟ್ರು. ತುಂಬಬೇಕು ಅಂದ್ರೆ ಕನಿಷ್ಠ ಇಷ್ಟು ಧಾರೆ ಬೇಕು ಅನ್ನೋದು ರಿಯೊಬೇಸ್. ಅದರ ಎರಡರಷ್ಟು ಸುರಿದಾಗ ತುಂಬೋಕೆ ಹಿಡಿಯೋ ಹೊತ್ತು ಕ್ರೊನಾಕ್ಸಿ."

"ಕಾಂಡಕೊರಕಕ್ಕೆ ಹೊಡೆಯೋ ಔಷಧಿ ಹೆಸರಿದ್ದ ಹಾಗಿದೆ," ಅಂದರು ಸೀನಣ್ಣ.

ನರದ ಕ್ರೊನಾಕ್ಸಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಸ್ನಾಯುವಿನದು ಅದರ ಎಷ್ಟೋ ಪಟ್ಟು. ಹಾಗಾಗಿ ಮೆಷಿನ್ ಸ್ನಾಯು ಕುಣಿಸುತ್ತದೆ ಅಂತ ನಾವು ಅಂದುಕೊಂಡರೂ ಅದು ಕೆಣಕುವುದು ನರವನ್ನು. ಇದನ್ನು ಕೇಳಿ ಗೋಪಿಗೆ ಏನೋ ಹೊಳೆಯಿತು. ಅವನ ಮಾವನಿಗೆ ಮುಖದ ನರ ಸತ್ತು ಬಾಯಿ ಸೊಟ್ಟಗಾದಾಗ ಫ್ಯಾರಡಿಕ್ ಅಂತ ಗಿಡ್ಡ ಬಡಿತದ ಕರೆಂಟ್ ಕೊಟ್ಟರೆ ಕೆನ್ನೆ ಅಲುಗಲೇ ಇಲ್ಲವಂತೆ, ಗ್ಯಾಲ್ವನಿಕ್ ಅಂತ ಉದ್ದ ಬಡಿತದ್ದು ಕೊಟ್ಟಾಗ ಅಲುಗಿತಂತೆ. "ಕೆಣಕೋಕೆ ನರವೇ ಇಲ್ವಲ್ಲ, ಸ್ನಾಯುವನ್ನೇ ಎಬ್ಬಿಸಬೇಕು, ಅದು ಸೋಮಾರಿ," ಅಂದರು ಪದ್ಮಕ್ಕ.

"ಗ್ಯಾಲ್ವನಿ ಅಂದ್ರೆ ಸತ್ತ ಕಪ್ಪೆ ಕಾಲನ್ನ ಕರೆಂಟಲ್ಲಿ ಕುಣಿಸಿದವನಾ?" ಅಂದರು ಸೀನಣ್ಣ.

"ಅವನೇ. ಬೊಲೋನ್ಯ ಊರಿನವನು. 1791ರಲ್ಲಿ ಬರೆದು ಅಚ್ಚು ಹಾಕಿಸಿದ."

"ಪಾಪ, ಕಪ್ಪೆಗೂ ಭುಜ ನೋವಿತ್ತೇನೋ."

ನನ್ನ ಭುಜದ ಕಥೆ ಬೇರೆ. ಫಿಸಿಯೋಥೆರಪಿ ಹುಡುಗಿ ನಾಲ್ಕು ಪ್ಯಾಡ್ ಅಂಟಿಸಿ ಗುಂಡಿ ತಿರುಗಿಸಿದಳು. ಮೊದಲು ಇರುವೆ ಹರಿದ ಹಾಗೆ. ಒಂದೊಂದೇ ಬಡಿತ ಬಂದಾಗ ಚರ್ಮದ ಕೆಳಗೆ ಮೀನು ಮಗುಚಿದ ಹಾಗೆ ಪುಳಕ್ ಪುಳಕ್. ಸೆಕೆಂಡಿಗೆ ನಲವತ್ತರ ಹತ್ತಿರ ಹೋದಾಗ ಒಂದು ಸೆಳೆತ ಇಳಿಯುವ ಮುಂಚೆ ಇನ್ನೊಂದು ಬಂದು ಭುಜ ಮೇಲೆದ್ದು ಅಲ್ಲೇ ನಿಂತಿತು. ಅದೇ ಹೊತ್ತಿಗೆ ಅವಳು, "ನೋವು ಕಡಿಮೆ ಆಯ್ತಾ ಅಂಕಲ್?" ಅಂದಳು. ಭುಜ ತಾನೇ ತಾನಾಗಿ "ಯಾರಿಗೆ ಗೊತ್ತು" ಅಂದುಬಿಟ್ಟಿತು. ಅವಳು ಮುಖ ಊದಿಸಿಕೊಂಡು ಫೋನ್ ಹಿಡಿದು ಹೊರಗೆ ಹೋದಳು. ಆಗಲೇ ಒಂದು ಪ್ಯಾಡಿನ ಅಂಚು ಎದ್ದಿತು. ಅಂಗೈಯಗಲಕ್ಕೆ ಹಂಚಿ ಹೋಗುತ್ತಿದ್ದ ಕರೆಂಟೆಲ್ಲ ಬೆರಳ ತುದಿಯಷ್ಟು ಜಾಗಕ್ಕೆ ನುಗ್ಗಿ ಚೇಳು ಕುಟುಕಿದ ಹಾಗಾಯಿತು. ನಾನು ಕೂಗಿದ್ದಕ್ಕೆ ಪಕ್ಕದ ಪರದೆಯಾಚೆ ಸೊಂಟ ನೋವಿನ ಅಜ್ಜಿ ಔಷಧಿಯಿಲ್ಲದೆ ಎದ್ದು ಕೂತರು.

"ಅಷ್ಟಕ್ಕೆಲ್ಲ ಕೂಗೋದಾ?" ಅಂದರು ಸೀನಣ್ಣ, ಎದೆ ಅರ್ಧ ಇಂಚು ಮುಂದೆ. "ನಮಗೆ ಎಂಟು ಸಾವಿರ..."

ಟಕ್.

ಗೋಪಿ ಲೈಟರಿನ ಒಳಗಿನ ಕಿಡಿ ಹಾರಿಸುವ ತುಂಡನ್ನು ಅವರ ಮೊಣಕೈಗೆ ಹಿಡಿದು ಒತ್ತಿದ್ದ. ಸೀನಣ್ಣ ಕೂತ ಬೆತ್ತದ ಕುರ್ಚಿ ಹಿಂದಕ್ಕೆ, ಕಾಫಿ ಪಂಚೆ ಮೇಲೆ.

"ಇದೂ ಸಾವಿರಾರು ವೋಲ್ಟೇ ಅಣ್ಣ," ಅಂದ ಗೋಪಿ, ಓಡುತ್ತಾ.