ಹೈಲುರೋನಾನ್‌ಗೆ ‘ಗೊಂಪು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಂಡಿನೋವಿನ ಬಗ್ಗೆ ವಯಸ್ಸಾದವರು ಓದುವಂಥ ಒಂದು ಸಣ್ಣ ಕೈಹೊತ್ತಿಗೆ ಬರೆಯುತ್ತಿದ್ದೇನೆ. ಕೀಲು, ಚರ್ಮಗಳಲ್ಲಿ ನೀರು ಹಿಡಿದಿಡುವ ‘ಹೈಲುರೋನಿಕ್ ಆಸಿಡ್’ಗೆ (ಹೈಲುರೋನಾನ್ ಅನ್ನುವುದೂ ಇದನ್ನೇ) ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ ಕೈ ನಿಂತಿದೆ.

ತೀರ್ಥಹಳ್ಳಿಯ ನಮ್ಮ ದೊಡ್ಡಮ್ಮನಿಗೆ ಡಾಕ್ಟರು ಇದರ ಇಂಜೆಕ್ಷನ್ ಹೇಳಿದ್ದರು. ಮನೆಗೆ ಬಂದವರೇ ನನಗೆ ಫೋನ್ ಮಾಡಿದರು. ‘ಮಂಡಿಗೆ ಆಸಿಡ್ ಹಾಕ್ತಾರಂತೆ ಕಣೋ, ನಂಗೆ ಬೇಡ.’ ಅವರಿಗೆ ಆಸಿಡ್ ಅಂದರೆ ಬಚ್ಚಲು ತೊಳೆಯುವ ಬಾಟಲಿ. ‘ಆಮ್ಲ’ ಅಂತ ಬರೆದರೂ ಹುಳಿ, ಉರಿಗಳೇ ನೆನಪಾಗುತ್ತವೆ. ಬರೀ ಹೆಸರಿಗೆ ಅಷ್ಟು ಹೆದರಿದರಲ್ಲ ಅಂತ ನನಗೆ ತುಂಬಾ ಬೇಜಾರಾಯಿತು.

1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ತಿಳಿಯಾದ ಜೆಲ್ಲಿಯಿಂದ ಇದನ್ನು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ‘ಹ್ಯಾಲೋಸ್’ ಅಂದರೆ ಗಾಜು. ಅದರ ಜೊತೆ ಯುರಾನಿಕ್ ಆಸಿಡ್ (ಸಕ್ಕರೆಯಿಂದ ಆಗುವ ಒಂದು ಬಗೆಯ ಆಮ್ಲ) ಸೇರಿ ಈ ಹೆಸರಾಯಿತು. ಆದರೆ ಮೈಯೊಳಗೆ ಇದು ಆಮ್ಲವಾಗಿ ಇರುವುದಿಲ್ಲ, ಲವಣದ ರೂಪದಲ್ಲಿ ಇರುತ್ತದೆ. 1986ರಲ್ಲಿ ಎಂಡ್ರೆ ಬಾಲಾಜ್ ಮತ್ತು ಜೊತೆಗಾರರು ‘ಹೈಲುರೋನಾನ್’ ಎಂಬ ಹೆಸರು ಸೂಚಿಸಿದರು. ಅಲ್ಲೇ ಆಸಿಡ್ ಬಿಟ್ಟುಹೋಯಿತು. ನಾವು ಯಾಕೆ ಇನ್ನೂ ಹಿಡಿದುಕೊಂಡಿರಬೇಕು?

ಮೊದಲು ನನಗೆ ಹೊಳೆದದ್ದು ‘ಕೀಲೆಣ್ಣೆ’. ಗಾಡಿಗೂ ಕೀಲು, ಮೂಳೆಗೂ ಕೀಲು, ಚೆನ್ನಾಗಿ ಹೊಂದುತ್ತದೆ ಅಲ್ವಾ? ‘ಮಂಡಿಯಲ್ಲಿ ಗ್ರೀಸ್ ಹೋಗಿದೆ’ ಅಂತ ಜನ ಹೇಳುವುದೂ ಉಂಟು. ಆದರೆ ಎಣ್ಣೆ ನೀರಿನ ಜೊತೆ ಸೇರುವುದಿಲ್ಲ. ಹೈಲುರೋನಾನ್‌ನ ಕೆಲಸವೇ ನೀರು ಹಿಡಿದಿಡುವುದು. ಎರಡು ಬಗೆಯ ಸಕ್ಕರೆ ತುಣುಕುಗಳು ಒಂದಾದ ಮೇಲೊಂದು ಸಾವಿರಾರು ಸಲ ಪೋಣಿಸಿಕೊಂಡ ಉದ್ದನೆಯ ಸರ ಅದು. ಮೇಲಾಗಿ ಅದು ಕೀಲಿನಲ್ಲಿ ಮಾತ್ರ ಇರುವುದೂ ಅಲ್ಲ. 70 ಕೆಜಿ ತೂಕದವರ ಮೈಯಲ್ಲಿ ಸುಮಾರು 15 ಗ್ರಾಂ ಇರುತ್ತದೆ, ಅದರಲ್ಲಿ ಅರ್ಧದಷ್ಟು ಚರ್ಮದಲ್ಲೇ. ದಿನಾ ಮೂರರಲ್ಲೊಂದು ಪಾಲು ಕರಗಿ, ಹೊಸದಾಗಿ ಹುಟ್ಟುತ್ತದೆ. ಹಾಗಾಗಿ ಎಣ್ಣೆ ಬಿಟ್ಟೆ.

ಆಮೇಲೆ ‘ಲೋಳೆ’. ಬೆಂಡೆಕಾಯಿ ಹೆಚ್ಚುವಾಗ ಚಾಕುವಿಗೆ ಎಳೆಎಳೆಯಾಗಿ ಅಂಟುತ್ತದಲ್ಲ, ಅದು. ನಿಜಕ್ಕೂ ಅದೂ ಹೈಲುರೋನಾನೂ ಒಂದೇ ಬಳಗ. ಬೆಂಡೆಯ ಲೋಳೆಯೂ ಸಕ್ಕರೆಯ ಸರವೇ, ಅದರಲ್ಲೂ ಒಂದು ಯುರಾನಿಕ್ ಆಸಿಡ್ ಇದೆ. ಆದರೆ ‘ಲೋಳೆಪೊರೆ’ ಅಂತ ಬಾಯಿ, ಮೂಗು, ಕರುಳಿನ ಒಳಪದರಕ್ಕೆ ಆಗಲೇ ಬಳಸುತ್ತಿದ್ದೇವೆ. ಓದುವವರಿಗೆ ಗೊಂದಲ ಆಗುತ್ತದೆ.

ಕೊನೆಗೆ ನೆನಪಾದದ್ದು ನಮ್ಮ ಮಲೆನಾಡಿನ ‘ಗೊಂಪು’. ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಲ್ಲಿ ಹಿಚುಕಿ, ತಲೆಗೆ ಹಚ್ಚಲು ಮಾಡುವ ದಪ್ಪ ದ್ರವ. ಬೆರಳಿಂದ ಎತ್ತಿದರೆ ಹನಿಯಾಗಿ ಬೀಳುವುದಿಲ್ಲ, ದಾರದ ಹಾಗೆ ಇಳಿಯುತ್ತದೆ. ಒಳ್ಳೆಯ ಕೀಲಿನ ನೀರೂ ಹಾಗೇ ಎಳೆಯಾಗಿ ಇಳಿಯುತ್ತದೆ. ಕೀಲು ಸವೆದಾಗ ಅದರಲ್ಲಿರುವ ಹೈಲುರೋನಾನ್ ಸರಗಳು ತುಂಡಾಗಿ ಆ ನೀರು ತೆಳ್ಳಗಾಗುತ್ತದೆ. ದೊಡ್ಡಮ್ಮನಿಗೆ ‘ನಿನ್ನ ಮಂಡಿಯ ಗೊಂಪು ನೀರಾಗಿದೆ, ಅದಕ್ಕೆ ಹೊಸ ಗೊಂಪು ಹಾಕ್ತಾರೆ’ ಅಂದೆ. ತಕ್ಷಣ ಅರ್ಥವಾಯಿತು. ‘ಮೈಗೊಂಪು’ ಅಂತ ಬಳಸಿದರೆ ಹೇಗೆ? ಬಯಲುಸೀಮೆಯವರಿಗೆ, ಉತ್ತರ ಕರ್ನಾಟಕದವರಿಗೆ ಈ ಮಾತು ಗೊತ್ತಾ? ನಿಮ್ಮ ಕಡೆ ಬೇರೆ ಪದ ಇದ್ದರೆ ದಯವಿಟ್ಟು ಬರೆಯಿರಿ.

ಇನ್ನೊಂದು ಪ್ರಶ್ನೆ. ಗಾಯದ ಬಗ್ಗೆಯೂ ಒಂದು ಪುಟ ಇದೆ. ನಾವು ಸುಮ್ನೆ ‘ಗಾಯ ಒಣಗಿತು’ ಅಂತೀವಿ. ಆದರೆ ಗಾಯವಾದ ಮೊದಲ ದಿನಗಳಲ್ಲಿ ಅಲ್ಲಿ ಹೈಲುರೋನಾನ್ ಜಾಸ್ತಿಯಾಗುತ್ತದೆ. ಜಾಗ ಒದ್ದೆಯಾಗಿ, ಸಡಿಲವಾಗಿ ಇದ್ದರೇ ಜೀವಕೋಶಗಳು ಸರಿದು ಬರಲು ದಾರಿ. ಉದ್ದ ಸರಗಳು ಉರಿಯೂತ ತಗ್ಗಿಸುತ್ತವೆ, ತುಂಡಾದವು ಉರಿಯೂತವನ್ನು ಕೆರಳಿಸಿ ಹೊಸ ರಕ್ತನಾಳ ಚಿಗುರುವಂತೆ ಮಾಡುತ್ತವೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿನ ಚರ್ಮಕ್ಕಾದ ಗಾಯ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಅಲ್ಲಿ ಹೈಲುರೋನಾನ್ ಹೆಚ್ಚು ದಿನ ಉಳಿಯುವುದೂ ಅದಕ್ಕೆ ಒಂದು ಕಾರಣ ಎನ್ನುತ್ತಾರೆ. ಹಾಗಾಗಿ ‘ಒಣಗು’ ಬಿಟ್ಟು ‘ಮಾಯು’ ಬಳಸಿದ್ದೇನೆ: ‘ಗಾಯ ಮಾಯುವಾಗ’, ‘ಮಾಯ್ದ ಮೇಲೆ’. ಈಗಿನ ಹುಡುಗರಿಗೆ ‘ಮಾಯ್ದ’ ಅಂದರೆ ‘ಮಾಯವಾದ’ ಅಂತ ಕೇಳಿಸುತ್ತದಾ? ಮನೆಯಲ್ಲಿ ಮಕ್ಕಳಿದ್ದರೆ ಒಮ್ಮೆ ಕೇಳಿ ನೋಡಿ ತಿಳಿಸಿ.

ಮೈಯ ಭಾಗಗಳನ್ನು ಜೋಡಿಸಿ ಹಿಡಿದಿಡುವ ಅಂಗಾಂಶಕ್ಕೆ (ಕನೆಕ್ಟಿವ್ ಟಿಶ್ಯೂ) ‘ಸಂಯೋಜಕ ಅಂಗಾಂಶ’ ಎಂಬ ಮಾತನ್ನು ಹಾಗೇ ಇಟ್ಟಿದ್ದೇನೆ. ಶಾಲೆಯ ಪುಸ್ತಕದಲ್ಲಿ ಓದಿದವರು ಗುರುತು ಹಿಡಿಯುತ್ತಾರೆ.